ಶೇಷ ಹದಿನೇಳು

ಅಕ್ಕನಿಗೆ ಡಯಾಲಿಸಿಸ್ ಶುರುವಾದಾಗ ಹೊಸಪೇಟೆಯ ಆಸ್ಪತ್ರೆಯವರು ಕೊಟ್ಟ ರೋಗಿ ನಂಬರು 99221. ವಾರಕ್ಕೆ ಎರಡು ಸಲ ಸಂಡೂರಿನಿಂದ ಬಸ್ಸು ಹತ್ತಿ, ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋಗಿ, ನಾಲ್ಕು ತಾಸು ಆ ಯಂತ್ರದ ಪಕ್ಕ ಕೂರುತ್ತಿದ್ದೆವು. ನನ್ನ ಕಿಡ್ನಿ ಅವಳಿಗೆ ಹೊಂದುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ನಾನು ಅಳುತ್ತಿದ್ದೆ, ಇಲ್ಲವೇ ನರ್ಸುಗಳ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದೆ.

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಐದರಲ್ಲಿ ಮುಗಿಯುವ ಸಂಖ್ಯೆಯ ವರ್ಗವನ್ನು ಬಾಯಲ್ಲೇ ಹೇಳುವುದನ್ನು ಊರಿನ ಅರ್ಧ ಮಕ್ಕಳಿಗೆ ಅವಳೇ ಕಲಿಸಿದ್ದಳು. ಮೂವತ್ತೈದರ ವರ್ಗವೇ? ಮೂರ್ನಾಲ್ಕಲ ಹನ್ನೆರಡು, ಮುಂದೆ ಇಪ್ಪತ್ತೈದು ಬರಿ: 1225. ಚಿಕ್ಕವಳಿದ್ದಾಗ ನನಗೂ ಕಲಿಸಿದ್ದಳು.

ಎರಡನೆಯ ವಾರ ಅವಳು ಹೇಳಿದಳು: "ನನ್ನ ನಂಬರ್ ಶೇಷ ಉಳೀದಂಗ ಒಡೀತೈತೋ ಇಲ್ಲೋ ನೋಡೂಣು. ನನ್ನ ಬಲಗೈಗೆ ಸೂಜಿ ಐತಿ, ನೀನ ಭಾಗಿಸು. ಅದು ಒಡೀಲಿಲ್ಲಂದ್ರ ನಾನೂ ಒಡಿಯಂಗಿಲ್ಲ."

ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕಂತೆ; ಒಂದು ಸಲ ಬಂದಾಗ ಮೂರೇ ಸಂಖ್ಯೆ, ಪ್ರತಿಯೊಂದನ್ನೂ ತಿರುಗಿ ಗುಣಿಸಿ ತಾಳೆ ನೋಡಬೇಕಂತೆ. "ಮುನ್ನೂರ ಹದಿನೈದು ದಾಟಬ್ಯಾಡ. ಎರಡು ಸಂಖ್ಯೆ ಗುಣಿಸಿದ್ರ ಈ ನಂಬರ್ ಬರಬೇಕಂದ್ರ, ಒಂದರ ಮುನ್ನೂರ ಹದಿನೈದಕ್ಕಿಂತ ಸಣ್ಣದಿರಬೇಕು," ಎಂದಳು. ಆ 315 ಅವಳ ಬಾಯಿಗೆ ಅಷ್ಟು ಬೇಗ ಹೇಗೆ ಬಂತೆಂದು ನಾನು ಕೇಳಲಿಲ್ಲ.

ಮೂರು, ಏಳು, ಹನ್ನೊಂದು, ಹದಿಮೂರು. ಪ್ರತಿ ಸಲವೂ ಏನಾದರೂ ಉಳಿಯುತ್ತಿತ್ತು, ನನಗೆ ಉಸಿರು ಬರುತ್ತಿತ್ತು. ಅಳು ಯಾವಾಗ ನಿಂತಿತೋ ತಿಳಿಯಲಿಲ್ಲ. ನೂರು ದಾಟುವಾಗ ಅವಳ ಪಾದಗಳು ಬಾತಿದ್ದವು. ಇನ್ನೂರು ದಾಟುವಾಗ ಬಸ್ ಸ್ಟ್ಯಾಂಡಿನಿಂದ ನಡೆಯಲು ಆಗುತ್ತಿರಲಿಲ್ಲ. ಎರಡು ಸಲ ಬಿಪಿ ಬಿದ್ದು ಯಂತ್ರವನ್ನು ನಡುವೆಯೇ ನಿಲ್ಲಿಸಿದರು. ನಾನು ಮಾತ್ರ ಮೊಂಡು ಹಿಡಿದು ಭಾಗಿಸುತ್ತಲೇ ಇದ್ದೆ.

ಕೊನೆಗೆ ಉಳಿದದ್ದು 313. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಭಾಗಿಸಿದೆ, ಶೇಷ ಸೊನ್ನೆ. ಮತ್ತೆ ಮಾಡಿದೆ. ಮತ್ತೂ ಸೊನ್ನೆ.

"ಏನುಳೀತು?" ಎಂದಳು.

"ಹದಿನೇಳು."

ಅಕ್ಕ ಎಡಗೈ ಚಾಚಿ ನನ್ನ ಕೈ ಹಿಡಿದು, "ಹಂಗಾದ್ರ ಒಡಿಯಂಗಿಲ್ಲ ಬಿಡು," ಎಂದಳು. ಜೀವನದಲ್ಲಿ ಒಂದು ಸುಳ್ಳನ್ನಾದರೂ ಸರಿಯಾಗಿ ಹೇಳಿದೆನೆಂದು ನನಗೆ ಹೆಮ್ಮೆಯಾಯಿತು. ಅದಾದ ಒಂಬತ್ತನೆಯ ದಿನ ಅವಳು ಹೋದಳು.

ದಿನಕರ್ಮ ಮುಗಿದ ಮೇಲೆ ಅವಳ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟ ಚೀಟಿ ಸಿಕ್ಕಿತು. ಆಸ್ಪತ್ರೆಯಲ್ಲಿ ಮೊದಲ ದಿನ ಕೊಟ್ಟ ಸರದಿ ಚೀಟಿ ಅದು. ಅವಳನ್ನು ಒಳಗೆ ಬೆಂಚಿನ ಮೇಲೆ ಕೂರಿಸಿ ನಾನು ಹೊರಗೆ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದ ದಿನ. ಅದರ ಹಿಂಬದಿಗೆ, ಇನ್ನೂ ನಡುಗದ ಅವಳ ಅಕ್ಷರದಲ್ಲಿ ಹೀಗಿತ್ತು:

315 × 315 = 99225. ನಾಲ್ಕು ಕಡಿಮೆ: 99221 = 313 × 317.

ಒಡೆಯುತ್ತದೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಆ ಭಾಗಾಕಾರವೆಲ್ಲ ನಾನು ಅಳದೆ ಕೂರಲೆಂದು ಕೊಟ್ಟದ್ದು.