ಅಕ್ಕನಿಗೆ ಮಾತ್ರ ಹೇಳಿದ್ದು

ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ತಕ್ಕಂತೆ ಗಾಜು ಉಜ್ಜಿ ಕೂರಿಸುವುದು ಅವಳ ಕೆಲಸ. ಗಂಡ ಲಿಫ್ಟ್ ಮೆಕ್ಯಾನಿಕ್. ಹೊರಗೆ ಮಾತಿನ ಮಲ್ಲ, ಮನೆಯಲ್ಲಿ ಬಾಯಿಗೆ ಬೀಗ. ಕಡೆಯ ಮೂರು ವರ್ಷ ಎಣ್ಣೆ ಸೀಗೇಕಾಯಿಯಂತೆ ಬಾಳಿ, ಕೊನೆಗೆ ಇಬ್ಬರೂ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಎಂಟು ವರ್ಷದ ಮಗಳು ಯಾರ ಹತ್ತಿರ ಇರಬೇಕು ಅನ್ನೋದೊಂದು ಮಾತ್ರ ಬಗೆಹರಿಯಲಿಲ್ಲ. ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದರು.

ಆ ಕೋಣೆಯಲ್ಲಿ ಕಟಕಟೆ ಇರಲಿಲ್ಲ. ದುಂಡು ಮೇಜು, ನಾಲ್ಕು ಕುರ್ಚಿ, ಒಂದು ಜಗ್ಗು ನೀರು. ಇಲ್ಲಿ ತೀರ್ಪು ಕೊಡೋರು ಯಾರೂ ಇಲ್ಲ, ಆಡಿದ ಮಾತು ಬಾಗಿಲು ದಾಟೋದೂ ಇಲ್ಲ ಎಂದರು ಮಧ್ಯಸ್ಥಿಕೆ ವಹಿಸಿದ್ದ ಹಿರಿಯ ವಕೀಲೆ. ಹೊರಗಿನ ಬೆಂಚಿನಲ್ಲಿ ಅಕ್ಕ ಕಾಯುತ್ತಿದ್ದಳು. ಅಮ್ಮ ಹೋದ ಮೇಲೆ ಅವಳಿಗೆ ತಾಯಿಯೂ ಅಕ್ಕನೇ.

ಎರಡನೇ ಸಲ ಕೂತಾಗ ಗಂಡ ತಲೆ ತಗ್ಗಿಸಿಕೊಂಡೇ ಹೇಳಿದ: "ಮಗು ಮೂರು ತಿಂಗಳದ್ದಿದ್ದಾಗ ಅದನ್ನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಟ್ಟು ಬಸ್ ಹತ್ತಿದ್ಳು ಮೇಡಂ. ಇವಳ ಕೈಗೆ ಹೇಗೆ ಕೊಡ್ಲಿ?"

ಅವಳು ತಟ್ಟನೆ ಗಂಡನತ್ತ ತಿರುಗಿದಳು. ಮಾತು ಸುಳ್ಳಲ್ಲ. ಹೆರಿಗೆಯಾದಾಗಿನಿಂದ ಅವಳಿಗೆ ನಿದ್ದೆಯಿಲ್ಲ, ಅಳು ನಿಲ್ಲುತ್ತಿರಲಿಲ್ಲ. ತಲೆ ಕೆಟ್ಟು ಹತ್ತಿದವಳು ಬಸ್ಸು ಹೊರಡುವ ಮೊದಲೇ ಇಳಿದು ಓಡಿ ಮಗುವನ್ನು ಎದೆಗವಚಿಕೊಂಡಿದ್ದಳು. ಅದನ್ನು ಒಬ್ಬಳಿಗೇ ಹೇಳಿದ್ದಳು.

ಮೇಡಂ ಗಂಡನನ್ನು ಹೊರಗೆ ಕೂರಿಸಿ ಅವಳ ಮಾತು ಕೇಳಿದರು. ಅವಳು ಎಲ್ಲವನ್ನೂ ಒಪ್ಪಿಕೊಂಡಳು. ಆಮೇಲೆ ಅವನ ಎದುರಿಗೂ ಹೇಳಿದಳು. ಆ ದಿನಗಳಲ್ಲಿ ಮನೇಲಿ ನಿಮಗೇನು ಕಾಣ್ತಿತ್ತು ಎಂದು ಮೇಡಂ ಅವನನ್ನು ಕೇಳಿದರು. ಅವನು, ನಾನು ನೋಡೇ ಇರಲಿಲ್ಲ ಎಂದ.

ಹೊರಗೆ ಬಂದವಳು ಅಕ್ಕನ ಮುಂದೆ ನಿಂತಳು. "ಅವ್ರಿಗೆ ಯಾವಾಗ ಹೇಳ್ದೆ?"

ಅಕ್ಕ ಬ್ಯಾಗಿನ ಪಟ್ಟಿ ತಿರುವಿದಳು. "ಹೋದ ತಿಂಗಳು. ಮಗು ಕೈತಪ್ಪುತ್ತೆ ಅಂತ ಹೆದರಿದ್ರೆ ಹಟ ಬಿಟ್ಟು ವಾಪಸ್ ಹೋಗ್ತೀಯ ಅನ್ಕೊಂಡೆ. ಸಂಸಾರ ಉಳೀಲಿ ಅಂತ ಕಣೇ."

"ಅವ್ರು ನನ್ನ ಎದುರುಗಡೆ ಕೂತೋರು, ಅಕ್ಕ. ನೀನು ನನ್ನ ಕಡೆಯೋಳಾಗಿದ್ದೆ."

ಅಂದು ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋದರು.

ನಾಲ್ಕನೇ ಸಲ ಒಪ್ಪಂದವಾಯಿತು: ಮಗಳು ತಾಯಿಯ ಹತ್ತಿರ, ವಾರದ ಕೊನೆ ಮತ್ತು ಅರ್ಧ ರಜೆ ತಂದೆಯ ಹತ್ತಿರ. ಅವನೇ ಮೊದಲು ಸಹಿ ಹಾಕಿದ. ಈಗ ಮಗಳನ್ನು ಬಿಡಲು ಬಂದಾಗ ಗೇಟಿನ ಬಳಿ ನಿಂತು ಎರಡು ಮಾತಾಡುತ್ತಾನೆ. ಸಂಸಾರ ಮಾಡುವಾಗ ಅಷ್ಟೂ ಆಡಿರಲಿಲ್ಲ.

ಅಕ್ಕ ಭಾನುವಾರ ಫೋನ್ ಮಾಡುತ್ತಾಳೆ. ಒಂದು ತಿಂಗಳಿಂದ ತಂಗಿಯ ಎಡಗಣ್ಣು ಮಂಜಾಗುತ್ತಿದೆ, ಕೆಲಸ ಕೈಬಿಡಬೇಕಾದೀತೆಂಬ ಭಯ ಕೊರೆಯುತ್ತಿದೆ. ಏನೇ ಸಮಾಚಾರ ಎಂದು ಅಕ್ಕ ಕೇಳಿದರೆ, ಏನಿಲ್ಲ, ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ.