ಕೊನೆಯ ಸಾಲಿನ ಪ್ಯಾರೇಜಾನ್ ಸಾಬರು

ಯಶವಂತಪುರದ ನಮ್ಮ ಮಸೀದಿಯಲ್ಲಿ ತಮ್ಮ ಸಾಮಾನನ್ನು ಪ್ಯಾರೇಜಾನ್ ಸಾಬರಷ್ಟು ಹೆದರಿ ಹೆದರಿ ಇಡುವವರು ಇನ್ನೊಬ್ಬರಿಲ್ಲ. ಈರುಳ್ಳಿ ಮಂಡಿಯಲ್ಲಿ ಮೂಟೆ ಹೊತ್ತು ಪಳಗಿದ ಮೈ ಅವರದು. ಹಸಿ ಈರುಳ್ಳಿ ತಿಂದು ಆ ವಾಸನೆಯಲ್ಲೇ ಮಸೀದಿಗೆ ಬರಬಾರದು ಎಂಬ ಪ್ರವಾದಿಯವರ ಮಾತನ್ನು, ತಾವು ಈರುಳ್ಳಿ ತಿನ್ನದಿದ್ದರೂ, ಪೂರಾ ತಮ್ಮ ತಲೆಗೆ ಕಟ್ಟಿಕೊಂಡಿದ್ದಾರೆ. ಚಪ್ಪಲಿಯನ್ನು ಸ್ಟ್ಯಾಂಡಿನಲ್ಲಿ ಇಡುವುದಿಲ್ಲ. ಪಕ್ಕದ ಚಪ್ಪಲಿಗೆ ವಾಸನೆ ಹತ್ತೀತೆಂದು ಕವರಿನಲ್ಲಿ ಸುತ್ತಿ, ಆ ಕವರನ್ನು ಇನ್ನೊಂದು ಕವರಿಗೆ ಹಾಕಿ, ಹೊರಗೆ ಬೇವಿನ ಬುಡದಲ್ಲಿ ಇಡುತ್ತಾರೆ. ಮೊಳೆಗೆ ಟವೆಲ್ ನೇತುಹಾಕುವುದಿಲ್ಲ. ಟೋಪಿ ತರದವರಿಗೆಂದು ಬುಟ್ಟಿಯಲ್ಲಿ ಇಟ್ಟಿರುವ ಟೋಪಿಯನ್ನಂತೂ ಮುಟ್ಟುವುದೇ ಇಲ್ಲ. "ಅದು ಎಲ್ರ ತಲೆಗೂ ಹೋಗೋದು ಭಾಯ್, ನನ್ ತಲೆ ಯಾಕೆ ಅದಕ್ಕೆ" ಎನ್ನುತ್ತಾರೆ. ಅವರು ಹಚ್ಚುವ ಅತ್ತರಿಗೆ ಎದುರು ಬೇಕರಿಯವನಿಗೂ ಸೀನು ಬರುತ್ತದೆ. ಮಸೀದಿಯ ಜಮಖಾನೆಯ ಮೇಲೆ ಮನೆಯಿಂದ ತಂದ ಬಟ್ಟೆ ಹಾಸಿ, ಕೊನೆಯ ಸಾಲಿನ ಮೂಲೆಯಲ್ಲಿ ನಿಲ್ಲುತ್ತಾರೆ. ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿ ಎಂದು ಇಮಾಮರು ಹೇಳಿದರೆ, ಉಸಿರು ಬಿಗಿಹಿಡಿದು, ಬಟ್ಟೆಯನ್ನು ಒಂದು ಗೇಣು ಮಾತ್ರ ಸರಿಸುತ್ತಾರೆ. ನನಗೆ ರೇಗುತ್ತದೆ. "ಮುಂದೆ ಜಾಗ ಇದೆ, ಬನ್ನಿ" ಎಂದು ಕರೆದರೆ, "ಇಲ್ಲೇ ಸರಿ ಕಣ್ರೀ, ನನ್ನಿಂದ ಇನ್ನೊಬ್ರ ನಮಾಜ್ ಕೆಡಬಾರ್ದು" ಎನ್ನುತ್ತಾರೆ. ಯಾವಾಗಲೋ ಒಮ್ಮೆ ಪಕ್ಕದಲ್ಲಿ ನಿಂತವರು ಮೂಗಿಗೆ ಕರ್ಚೀಫು ಹಿಡಿದಿದ್ದರಂತೆ, ನೆಗಡಿಯಾಗಿತ್ತೋ ಏನೋ, ಇವರು ಕೇಳಲಿಲ್ಲ. ಮಂಡಿ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಅಳಿಯನ ಬಳೆ ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಆದರೂ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡಿ ಎದ್ದವರು, ಯಾರೂ ನೋಡುತ್ತಿಲ್ಲ ಎಂದುಕೊಂಡು ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿ, ಮತ್ತೆ ಹೋಗಿ ನಲ್ಲಿಯ ಮುಂದೆ ಕೂರುತ್ತಾರೆ.