ಖಾಲಿ ಓಡುತ್ತಿದ್ದ ಲೇತ್

ಎರಡು ವರ್ಷದ ಹಿಂದಿನ ಮಾತು. ಶ್ರಾವಣ ಇನ್ನೇನು ಶುರುವಾಗಬೇಕಿತ್ತು. ಅಂದು ಶುಕ್ರವಾರ. ಚನ್ನಪಟ್ಟಣದಲ್ಲಿ ನಮ್ಮ ಮನೆಯ ಮುಂಭಾಗವೇ ಮರದ ಬೊಂಬೆ ಮಾಡುವ ನಮ್ಮ ಕಾರ್ಖಾನೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತಾಯಿತು, ಮರ ಕಡೆಯುವ ಐದು ಲೇತ್ ಇರುವ ಒಂದು ಉದ್ದನೆಯ ಕೋಣೆ ಅಷ್ಟೆ. ನನ್ನ ಗಂಡ ನಾಗರಾಜು ದಿನಾ ಬೆಳಿಗ್ಗೆ ಮೊದಲು ತಮ್ಮ ಲೇತ್ ಹಾಕುತ್ತಿದ್ದರು. ಮೋಟಾರಿನ ಮೇಲೆ ಅಂಗೈ ಇಟ್ಟು, ತಲೆ ವಾಲಿಸಿ ಒಂದು ಗಳಿಗೆ ಸದ್ದು ಕೇಳಿಸಿಕೊಂಡು, "ಹ್ಞೂಂ, ಶುರು ಮಾಡ್ರಪ್ಪ" ಅಂದ ಮೇಲೆಯೇ ಉಳಿದವರು ತಮ್ಮ ತಮ್ಮ ಲೇತ್ ಹಾಕುವುದು. ಅಂದೂ ಹಾಗೆಯೇ ಆಯಿತು. ಮಧ್ಯಾಹ್ನ, ಇನ್ನೊಂದು ಲೇತಿನಲ್ಲಿ ಕೆಲಸ ಮಾಡುವ ಅನ್ವರಣ್ಣ ನಮಾಜಿಗೆ ಹೋದಾಗ ಇವರು ಒಳಗೆ ಬಂದು ಮುದ್ದೆ ಉಂಡರು. "ಉಪ್ಪೆಸರಿಗೆ ಖಾರ ಒಸಿ ಜಾಸ್ತಿ ಆಯ್ತು ಕಣೆ" ಅಂದರು. "ನಾಳೆ ಕೆಂಗಲ್‌ಗೆ ಓಗ್ಬುಟ್ಟು ಬತ್ತೀನಿ" ಅಂದರು. ಆ ದಿನದ್ದು ನನಗೆ ನೆನಪಿರುವುದು ಇಷ್ಟೇ. ನೆನಪಿಟ್ಟುಕೊಳ್ಳಬೇಕಾದ ದಿನ ಅಂತ ಗೊತ್ತಿರಲಿಲ್ಲ.

ಮಾರನೆಯ ದಿನ ಕೆಂಗಲ್‌ನಲ್ಲಿ ಆಂಜನೇಯನಿಗೆ ಪೂಜೆ ಮಾಡಿಸಿ ಹೊರಗೆ ಬಂದು ಕಲ್ಲು ಕಟ್ಟೆಯ ಮೇಲೆ ಕೂತರಂತೆ. ಎದೆ ಹಿಡಿದುಕೊಂಡರಂತೆ. ಯಾರೋ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ಎಷ್ಟೋ ತಿಂಗಳು ನಾನು ಆ ಕೋಣೆಗೆ ಕಾಲಿಡಲಿಲ್ಲ. ಇವರ ಜೊತೆ ಮೊದಲಿನಿಂದಲೂ ಇದ್ದ ಅನ್ವರಣ್ಣನೇ ಎಲ್ಲ ನೋಡಿಕೊಂಡರು. ಅರಗಿನ ಬಣ್ಣಕ್ಕೆ ಹೊಳಪು ಕೊಟ್ಟು ಸಾಮಾನು ಜೋಡಿಸುವ ಪುಟ್ಟತಾಯಮ್ಮ, ಇನ್ನಿಬ್ಬರು ಕೆಲಸದವರು ಬಿಡದೆ ಬರುತ್ತಿದ್ದರು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಮುಂದಿನಿಂದ ಮೊದಲು ಒಂದು ಲೇತಿನ ಸದ್ದು, ಅದರ ಹಿಂದೆ ಉಳಿದವು ಕೇಳುತ್ತಿದ್ದವು. ಆ ಮೊದಲ ಸದ್ದು ಬಂದ ಮೇಲೆ ನನಗೆ ಒಲೆ ಹಚ್ಚುವ ಮನಸ್ಸು ಬರುತ್ತಿತ್ತು. ಯಾಕೆ ಅಂತ ಯೋಚಿಸಿರಲಿಲ್ಲ.

ಆದರೆ ಕರೆಂಟ್ ಬಿಲ್ ನನ್ನನ್ನು ಹೆದರಿಸತೊಡಗಿತು. ಇವರು ಹೋದ ಮೇಲೆ ಆರ್ಡರು ಕಡಿಮೆಯಾಗಿತ್ತು. ಎರಡು ಲೇತ್‌ಗೆ ಕೆಲಸವೇ ಇರಲಿಲ್ಲ. ಆದರೂ ಬಿಲ್ ಮಾತ್ರ ಮೊದಲಿಗಿಂತ ಜಾಸ್ತಿ ಬರುತ್ತಿತ್ತು. ಅನ್ವರಣ್ಣನನ್ನು ಕೇಳಿದರೆ, "ರೇಟ್ ಏರ್ಸವ್ರೆ ಅಕ್ಕ" ಅಂದರು. ಅದು ನಿಜವೇ ಇರಬಹುದು. ಆದರೆ ಬಂದ ಹಣ ಕೂಲಿಗೆ, ಮರಕ್ಕೆ, ಕರೆಂಟಿಗೆ ಸಾಲದೆ ಹೋಯಿತು. ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಿದರೆ ಆ ನಾಲ್ಕು ಜನ ಎಲ್ಲಿಗೆ ಹೋಗುತ್ತಾರೆ ಅನ್ನುವುದೊಂದು ಚಿಂತೆ. ಇವರು ಕೈಯಾರೆ ಕಟ್ಟಿದ್ದು ಇವರ ಹಿಂದೆಯೇ ಹೋಗುತ್ತದಲ್ಲ ಅನ್ನುವುದು ಇನ್ನೊಂದು.

ಹಳೆಯ ಮಿಷನ್ ಕೊಂಡು ಮಾರುವ ಶಿವಲಿಂಗಣ್ಣ ಅನ್ನುವವರು ಲೇತ್‌ಗಳನ್ನು ನೋಡಲು ರಾಮನಗರದಿಂದ ಬಂದರು. ಮೊದಲು ರೇಷ್ಮೆ ನೂಲು ತೆಗೆಯುವ ಘಟಕ ನಡೆಸಿದ್ದವರಂತೆ. ಅವರು ಬಂದಾಗ ಕರೆಂಟ್ ಹೋಗಿತ್ತು, ಎಲ್ಲ ನಿಂತಿತ್ತು. ನಾನು ಬಾಗಿಲಲ್ಲೇ ನಿಂತು ತೋರಿಸಿದೆ. ಅವರು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ ಕೇಳಿದರು.

"ಅಮ್ಮ, ಯಾವ ಮಿಷನ್ ಎಷ್ಟು ಕರೆಂಟ್ ತಿಂತದೆ?"

"ಗೊತ್ತಿಲ್ಲ. ಬಿಲ್ ಒಟ್ಟಿಗೆ ಬರುತ್ತೆ."

"ಅದೇ ನೋಡಿ. ಮದ್ವೆ ಮನೇಲಿ ಪಾತ್ರೆ ಖಾಲಿ ಆಯ್ತು ಅಂದ್ರೆ ಯಾವ ಪಂಕ್ತಿಲಿ ಎಷ್ಟು ಬಡಿಸುದ್ರು ಅಂತ ಎಂಗ್ ಗೊತ್ತಾಯ್ತದೆ? ಒಂದೊಂದ್ಕೂ ಬೇರೆ ಬೇರೆ ಮೀಟ್ರು ಹಾಕಿ. ಕೊಳ್ಳೋನ್ಗೂ ಹೇಳ್ಬೋದು, ನಿಮ್ಗೂ ತಿಳೀತದೆ. ಕರೆಂಟ್ ಕಂಪ್ನಿ ಮೀಟ್ರಿಗೆ ಕೈ ಹಾಕೋದಲ್ಲ, ಅದು ಅಂಗೇ ಇರ್ಲಿ. ಇದು ಒಳ್ಗಡೆ ನಮ್ಮ ತಿಳಿವಳ್ಕೆಗೆ."

ಅವರ ಹಳೆಯ ಘಟಕದಲ್ಲಿ ಹಾಕಿದ್ದ ಚಿಕ್ಕ ಮೀಟರುಗಳು ಮೂಲೆಯಲ್ಲಿ ಬಿದ್ದಿವೆ ಅಂದರು. ಮುಂದಿನ ವಾರ ಅವನ್ನು ತೆಗೆದುಕೊಂಡು, ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಕರೆದುಕೊಂಡು ಬಂದರು. ಐದು ಲೇತಿಗೆ ಐದು, ಮರದ ಧೂಳು ಎಳೆಯುವ ದೊಡ್ಡ ಫ್ಯಾನಿಗೆ ಒಂದು, ದೀಪಗಳಿಗೆ ಒಂದು.

ಗೋಡೆಯ ಮೇಲೆ ಸಾಲಾಗಿ ಕೂತ ಮೀಟರುಗಳನ್ನು ನೋಡಿ ಪುಟ್ಟತಾಯಮ್ಮ, "ಇನ್ನೊಂದ್ ಉಳುದಿದ್ರೆ ಈ ಅನ್ವರನ್ ಬಾಯಿಗೂ ಹಾಕ್ಬುಡಿ. ಅದೂ ಬೆಳಗಿಂದ ಸಂಜೆಗಂಟ ನಿಲ್ಲಕಿಲ್ಲ" ಅಂದರು.

"ನಿನ್ ಬಾಯಿಗ್ ಹಾಕುದ್ರೆ ಮೀಟ್ರೇ ಸುಟ್ಟೋಯ್ತದೆ ಕಣಮ್ಮೋ" ಅಂದರು ಅನ್ವರಣ್ಣ.

ಎರಡು ವಾರ ಬಿಟ್ಟು ಶಿವಲಿಂಗಣ್ಣ ಮತ್ತೆ ಬಂದದ್ದು ಊಟದ ಹೊತ್ತಿಗೆ. ಕೆಲಸದವರು ಹೊರಗೆ ಮರದ ನೆರಳಲ್ಲಿ ಉಣ್ಣುತ್ತಿದ್ದರು. ಲೇತ್‌ಗಳೆಲ್ಲ ನಿಂತಿದ್ದವು. ಫ್ಯಾನು ಮಾತ್ರ ಒಂದೇ ಸಮನೆ ಓಡುತ್ತಿತ್ತು. ಅವರು ಅದರ ಮೀಟರಿನ ಮುಂದೆ ನಿಂತು, ಬಾಗಿಲಲ್ಲೇ ಇದ್ದ ನನಗೆ ತೋರಿಸಿದರು. ಎರಡು ಲೇತ್ ಸೇರಿ ತಿಂದದ್ದಕ್ಕಿಂತ ಅದೊಂದೇ ಹೆಚ್ಚು ತಿಂದಿತ್ತು. ಬೆಲ್ಟ್ ಅತಿಯಾಗಿ ಬಿಗಿದಿತ್ತು, ಬೇರಿಂಗ್ ಒಣಗಿತ್ತು. ಇವರಿದ್ದಾಗ ಊಟಕ್ಕೆ ಏಳುವ ಮೊದಲು ಆ ಫ್ಯಾನು ಆರಿಸುವುದು, ಅದರ ಸದ್ದು ಬದಲಾದರೆ ಗ್ರೀಸ್ ಹಾಕುವುದು ಇವರ ಕೆಲಸವಾಗಿತ್ತು. ಇವರು ಹೋದ ಮೇಲೆ ಅದು ಯಾರ ಕೆಲಸವೂ ಆಗಿರಲಿಲ್ಲ.

ಶಿವಲಿಂಗಣ್ಣ ಕಿಟಕಿಯ ಪಕ್ಕದ ಲೇತಿನ ಹತ್ತಿರ ಹೋದರು. ಅದು ನನ್ನ ಗಂಡನದು.

"ಇದ್ರಲ್ಲಿ ಯಾರೂ ಕೆಲ್ಸ ಮಾಡಲ್ಲ ಅಂದ್ರಿ. ಮೀಟ್ರು ಓಡೈತಲ್ಲಮ್ಮ. ಅನ್ವರಣ್ಣಂದ್ ಎಷ್ಟು ಓಡೈತೋ ಹತ್ರತ್ರ ಅದ್ರ ಅರ್ಧ." ಆಮೇಲೆ ದನಿ ತಗ್ಗಿಸಿ, "ಯಾರಾರಾ ಹೊರಗಿನ ಕೆಲ್ಸ ತಂದು ಇದ್ರಲ್ಲಿ ಮಾಡ್ಕತಾವ್ರಾ ಏನೋ" ಅಂದರು.

ಬಿಲ್ ಹೋಗಲಿ, ಇವರು ನಂಬಿದ್ದ ಜನ ಹಾಗೆ ಮಾಡಿದ್ದರೆ ಮಾರುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅನ್ವರಣ್ಣನನ್ನು ಬಾಗಿಲಿಗೆ ಕರೆದು ಕೇಳಿದೆ. ಅವರು ಕೈ ತೊಳೆದು ಬಂದಿದ್ದವರು ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತಲೇ ಇದ್ದರು. ಹಿಂದೆಯೇ ಬಂದ ಪುಟ್ಟತಾಯಮ್ಮ ಹೇಳಿದರು.

"ಹೊರಗಿನ್ ಕೆಲ್ಸ ಅಲ್ಲ ಕಣವ್ವ. ಸುಮ್ಕೆ ಓಡುಸ್ತಾರೆ."

"ಸುಮ್ಮನೆ ಅಂದರೆ?"

"ಖಾಲಿ" ಅಂದರು ಅನ್ವರಣ್ಣ. "ತಿಥಿ ಮುಗ್ದು ಕೆಲ್ಸಕ್ಕೆ ಬಂದ್ವಲ್ಲ ಅಕ್ಕ, ಅವತ್ತು ಯಾರ್ಗೂ ಶುರು ಮಾಡಾಕಾಗ್ಲಿಲ್ಲ. ನಾಗಣ್ಣನ್ ಲೇತ್ ಮೊದಲು ಶುರುವಾಗಿ ರೂಢಿ. ಕೂತ್ಕಂಡೇ ಇದ್ವಿ. ಆಮೇಲೆ ನಾನೇ ಎದ್ದು ಅದ್ನ ಹಾಕ್ದೆ. ಆಗ ಕೈ ಓಡ್ತು. ದಿನಾ ಬೆಳಿಗ್ಗೆ ಹಾಕಿ ಊಟದೊತ್ಗೆ ಆರುಸ್ತಿದ್ವಿ. ಆ ರೂಢಿ ನಿಲ್ಸಾಕೆ ಮನ್ಸು ಬರ್ಲಿಲ್ಲ. ನಿಮ್ಗೆ ಎಂಗ್ ಹೇಳೋದು ಅಂತಾನೂ ಗೊತ್ತಾಗ್ಲಿಲ್ಲ."

ಅಡುಗೆಮನೆಯಲ್ಲಿ ನಾನು ದಿನಾ ಕಾಯುತ್ತಿದ್ದ ಮೊದಲ ಸದ್ದು ಅದೇ ಅಂತ ನನಗೆ ಆಗ ತಿಳಿಯಿತು.

ಶಿವಲಿಂಗಣ್ಣ ತಲೆ ಬಗ್ಗಿಸಿ ನಿಂತಿದ್ದರು. "ತಪ್ಪು ತಿಳ್ಕಬೇಡಿ ಸಾಬ್ರೇ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಫ್ಯಾನ್ ರಿಪೇರಿ ಮಾಡ್ಸಿ. ಕೆಲ್ಸ ಇಲ್ದಿರೋ ಮಿಷನ್ ಹಾಕ್ಬೇಡಿ. ಎರಡು ತಿಂಗ್ಳು ಬಿಲ್ ನೋಡಿ, ಆಮೇಲೆ ಮಾರೋ ಮಾತು. ಕೊಳ್ಳಾಕೆ ಬಂದೋನ್ ಬಾಯಲ್ಲೇ ಮಾರ್ಬೇಡಿ ಅನ್ನುಸ್ಬುಟ್ರಲ್ಲ ನೀವು" ಅಂದರು. ಮೀಟರಿಗೆ ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕಾಫಿ ಕುಡಿದು ಬಸ್ಸಿಗೆ ಹೊರಟರು.

ಮಾರನೆಯ ಬೆಳಿಗ್ಗೆ ಎಷ್ಟೋ ತಿಂಗಳ ಮೇಲೆ ನಾನು ಆ ಕೋಣೆಗೆ ಹೋಗಿ ನಿಂತೆ. ಅನ್ವರಣ್ಣ ನನ್ನ ಮುಖ ನೋಡಿದರು. ಇವರ ಲೇತನ್ನು ಕೊನೆಯ ಸಲ ಒಮ್ಮೆ ಹಾಕಿ ಅಂದೆ. ಹಾಕಿದರು. ಇವರ ಹಾಗೆ ಮೋಟಾರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಾಗುವ ತನಕ ಇಟ್ಟುಕೊಂಡಿದ್ದು ನಾನೇ ಸ್ವಿಚ್ ಆರಿಸಿದೆ. ಅದು ತಕ್ಷಣ ನಿಲ್ಲುವುದಿಲ್ಲ. ನಿಧಾನವಾಗಿ ತಿರುಗಿ ತಿರುಗಿ ನಿಲ್ಲುತ್ತದೆ. ನಿಲ್ಲುವವರೆಗೂ ಎಲ್ಲರೂ ನೋಡುತ್ತಾ ನಿಂತೆವು. ಆಮೇಲೆ ಪುಟ್ಟತಾಯಮ್ಮ ಮೂಗು ಒರೆಸಿಕೊಂಡು, "ಹಾಕೋ ನಿನ್ ಲೇತ್ನ, ಹೊತ್ತಾಯ್ತು" ಅಂತ ಅನ್ವರಣ್ಣನಿಗೆ ಅಂದರು.

ಬಿಲ್ ಇಳಿಯಿತು. ಲೇತ್‌ಗಳನ್ನು ಮಾರಲಿಲ್ಲ. ಈಗ ವಾರಕ್ಕೊಮ್ಮೆ ನಾನೇ ಎಲ್ಲ ಮೀಟರು ನೋಡುತ್ತೇನೆ. ಯಾವುದಾದರೂ ಒಂದು ಇದ್ದಕ್ಕಿದ್ದಂತೆ ಹೆಚ್ಚು ತೋರಿಸಿದರೆ ಬೆಲ್ಟ್, ಬೇರಿಂಗ್ ನೋಡಿ ಅಂತ ಹೇಳುತ್ತೇನೆ. ಗಿಲಕಿಯ ಆರ್ಡರು ಬಂದರೆ ಅದಕ್ಕೆ ಹಿಡಿಯುವ ಕರೆಂಟಿನ ಖರ್ಚು ಎಷ್ಟೆಂದು ಗೊತ್ತಿರುವುದರಿಂದ ನಷ್ಟದ ಬೆಲೆಗೆ ಒಪ್ಪಿಕೊಳ್ಳುವುದಿಲ್ಲ. ಇವರು ಕಿವಿಯಿಂದ ತಿಳಿಯುತ್ತಿದ್ದುದನ್ನು ನಾನು ಮೀಟರು ನೋಡಿ ತಿಳಿಯುತ್ತೇನೆ. ಅಪರಿಚಿತರೊಬ್ಬರು ತಮ್ಮ ವ್ಯಾಪಾರ ಬಿಟ್ಟು ನನಗೆ ಇದನ್ನು ಕಲಿಸಿ ಹೋದರು. ನಾಲ್ಕು ಜನರ ಕೆಲಸ ಉಳಿಯಿತು.

ಕಿಟಕಿಯ ಪಕ್ಕದ ಲೇತಿನ ಮೀಟರು ಅಂದಿನ ಅಂಕಿಯಲ್ಲೇ ನಿಂತಿದೆ. ಬೆಳಿಗ್ಗೆ ಈಗ ಮೊದಲು ಕೇಳುವುದು ಅನ್ವರಣ್ಣನ ಲೇತ್. ಇವರದು ಕೇಳುವುದಿಲ್ಲ.